ಮಂಜಿಗೆ ಬಾಡಿಗೆಯಿಲ್ಲ

ಎಂಟು ಸೀಟಿನ ವಿಮಾನ. ಹತ್ತುವ ಮೊದಲು
ನನ್ನನ್ನೂ ನನ್ನ ಚೀಲವನ್ನೂ ಬೇರೆಬೇರೆ ತೂಗಿದರು.
ಪೈಲಟ್ ಹಿಂದಿರುಗಿ ನೋಡಿ, ಕಂಡಕ್ಟರನ ಹಾಗೆ,
'ಎಲ್ಲರೂ ಬಂದಿರಾ?' ಎಂದ.
ಎಲ್ಲರೂ ಅಂದರೆ ನಾನು, ಒಬ್ಬ ಹಲ್ಲಿನ ಡಾಕ್ಟರು,
ಮಡಿಲಲ್ಲಿ ಕೋಳಿಮರಿಗಳ ಪೆಟ್ಟಿಗೆ ಹಿಡಿದ ಹುಡುಗಿ.

ಕೆಳಗೆ ನಾರ್ತ್ ರೊನಾಲ್ಡ್ಸೆ:
ಕಡಲು ತಿಂದು ಬಿಟ್ಟ ರೊಟ್ಟಿಯ ಚೂರು.
ಮರ ಎಂಬುದಿಲ್ಲ.
ದಡದುದ್ದಕ್ಕೂ ಕಲ್ಲಿನ ಗೋಡೆ, ದ್ವೀಪಕ್ಕೆ ಯಾರೋ
ಅವಸರದಲ್ಲಿ ಹೊಲಿದ ಅಂಚು.

ಪಟ್ಟಿ ತಂದಿದ್ದೆ. ಸೀಲು, ರೀವ, ಹಳೆಯ ದೀಪಗೋಪುರ,
ತೂತಿರುವ ನಿಲ್ಲುಗಲ್ಲು.
ಪ್ರತಿಯೊಂದರ ಮುಂದೆ ಗುರುತು ಹಾಕಲು ಪುಟ್ಟ ಚೌಕ.

ಟೀನಿ ಟುಲಕ್, ಎಂಬತ್ತೊಂದು ವರ್ಷ, ಗಂಡಸಿನ ಬೂಟು,
ಬಾಗಿಲಲ್ಲೇ ನನಗೊಂದು ಕೋಲು ಕೊಟ್ಟಳು:
'ತಲೆಯ ಮೇಲೆ ಎತ್ತಿ ಹಿಡಿದು ನಡೆ. ರೀವಗಳಿಗೆ ಮೊಟ್ಟೆಯ ಕಾಲ.
ಎಲ್ಲಕ್ಕಿಂತ ಎತ್ತರ ಇರುವುದನ್ನು ಕುಕ್ಕುತ್ತವೆ.
ಇಲ್ಲಿ ನೀನೇ ಎತ್ತರ.'

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು
ಅನ್ನುತ್ತೇವೆ ನಮ್ಮಲ್ಲಿ, ಎಂದೆ.
ಅವಳು ತುಸು ಯೋಚಿಸಿದಳು.
'ನಮ್ಮ ಬೇಲಿ ಹೊಲ ಕಾಯುತ್ತದೆ. ಕುರಿ ಆಚೆಗೆ.
ಆಚೆಗೆ ಇರುವುದು ಸಮುದ್ರ. ಅದನ್ನೇ ಮೇಯುತ್ತವೆ.'

ನಿಜ. ಇಳಿತ ಶುರುವಾದರೆ ಏಳುತ್ತವೆ,
ಕಪ್ಪು, ಬೂದಿ, ಮಾಸಿದ ಕಂದು,
ಮೊಣಕಾಲುದ್ದ ನೊರೆಯಲ್ಲಿ ನಿಂತು
ಕಡಲಪಾಚಿಯನ್ನು ಬೆಲ್ಟಿನಂತೆ ಎಳೆದೆಳೆದು ತಿನ್ನುತ್ತವೆ.
ಉಬ್ಬರಕ್ಕೆ ದಡ ಹತ್ತಿ ಮೆಲುಕು.
ಹಗಲು ರಾತ್ರಿ ಅವಕ್ಕೆ ಲೆಕ್ಕವಿಲ್ಲ,
ಚಂದ್ರ ಎಲೆ ಹಾಕಿದಾಗ ಊಟ.
ಹಸಿರು ಹುಲ್ಲೇ ಬಹಳ ದಿನ ತಿಂದರೆ ಸಾಯುತ್ತವಂತೆ:
ಹುಲ್ಲಿನ ತಾಮ್ರ ತಡೆಯದು,
ಮೈ ಅಷ್ಟು ಉಪ್ಪಾಗಿದೆ.

ಗೋಡೆ ತೋರಿಸಿದವನು ಮ್ಯಾನ್ಸಿ.
'ಇಲ್ಲಿಂದ ಇಲ್ಲಿಗೆ ನಮ್ಮ ಮನೆಯ ಪಾಲು.
ಅಲ್ಲಿಂದ ಆ ಬಿಳಿಗಲ್ಲಿನವರೆಗೆ ನೂಸ್‌ಗಾರ್ತ್ ಮನೆಯದು.
ಮನೆಯಲ್ಲಿ ಯಾರೂ ಉಳಿದಿಲ್ಲ.
ಗೋಡೆಗೂ ಗೊತ್ತಾಗಿಬಿಟ್ಟಿದೆ.'
ಅಲ್ಲಿ ಕಲ್ಲುಗಳು ಮಂಡಿಯೂರಿದ್ದವು.

ಹಳೆಯ ಗೋಪುರದ ನೆತ್ತಿಯ ದೀಪವನ್ನು
ಇನ್ನೂರು ವರ್ಷದ ಹಿಂದೆಯೇ ಇಳಿಸಿ
ಕಲ್ಲಿನ ಗುಂಡು ಕೂರಿಸಿದ್ದಾರೆ.
ಚೌಕದಲ್ಲಿ ಗುರುತು ಹಾಕಿದೆ.
ಏನನ್ನು ನೋಡಿದೆ ಎಂದು, ತಿಳಿಯಲಿಲ್ಲ.

ಆಮೇಲೆ ಮಂಜು.
ಮೊದಲು ಸಮುದ್ರ ಹೋಯಿತು, ಆಮೇಲೆ ಗೋಡೆ,
ಆಮೇಲೆ ಅಂಗಳದ ಗೂಟಕ್ಕೆ ನೇತುಬಿದ್ದ ನನ್ನ ಸಾಕ್ಸು.
ಫೋನು ಅಂದಿತು: ವಿಮಾನ ನಾಳೆ. ನಾಳೆ ಅಂದಿತು: ನಾಳೆ.
ಎಲ್ಲೋ ಸೀಲುಗಳು ಮುದುಕರಂತೆ ನರಳಿದವು,
ಕೇಳಿದ್ದಕ್ಕೆ ಪಟ್ಟಿಯಲ್ಲಿ ಚೌಕವಿರಲಿಲ್ಲ.

ಟೀನಿ ಜವೆಗೋಧಿ ಹಿಟ್ಟು ಕಲಸಿದಳು, ಕಾವಲಿ ಇಟ್ಟಳು.
ನಮ್ಮಲ್ಲಿ ಜೋಳ, ಎಂದೆ, ತಟ್ಟುವ ಸದ್ದು ಇಡೀ ಓಣಿಗೆ ಕೇಳುತ್ತದೆ.
'ಹಾಗಾದರೆ ತಟ್ಟು.'
ತಟ್ಟಿದೆ. ಎಷ್ಟೋ ವರ್ಷದ ಮೇಲೆ.
ಅಂಟಿತು, ಹರಿಯಿತು, ಒಂದು ಕಡೆ ಮೂಗು ಬಂತು,
ಕೊನೆಗೆ ಮೇಲಿನಿಂದ ಕಂಡ ದ್ವೀಪದ ಹಾಗೇ ಆಯಿತು.
ಮಂಜಿನೊಳಗಿಂದ ಮ್ಯಾನ್ಸಿ ಓಡಿಬಂದ:
'ಏನು ಒಡೆಯುತ್ತಿದೆ?'
ಟೀನಿ ನಕ್ಕು ನಕ್ಕು ಗೋಡೆಗೆ ಆತಳು.
ಅವನಿಗೂ ಒಂದು ರೊಟ್ಟಿ, ರೂಬಾರ್ಬ್ ಜಾಮು, ಕರಿ ಚಹಾ.

ಮಧ್ಯಾಹ್ನ ನೂಸ್‌ಗಾರ್ತ್ ಪಾಲಿನಲ್ಲಿ ನಾನೊಂದು ಕಲ್ಲಿಟ್ಟೆ.
ಮ್ಯಾನ್ಸಿ ಮಾತಾಡದೆ ಅದನ್ನು ತೆಗೆದ,
ತಿರುಗಿಸಿದ, ಇನ್ನೊಂದು ಮೈ ಮೇಲೆ ಮಾಡಿ
ಎರಡು ಕಲ್ಲಿನ ನಡುವಿನ ಬಿರುಕಿನ ಮೇಲೆ ಇಟ್ಟ.
ಅಲ್ಲಾಡಲಿಲ್ಲ.
ಗೋಡೆಯಾಚೆ ಒಂದು ಕೆಮ್ಮು. ಕುರಿಯದು.

ಐದನೆಯ ಬೆಳಗ್ಗೆ ಆಕಾಶ ಸಿಕ್ಕಿತು.
ದುಡ್ಡು ಎಣಿಸಿ ಟೀನಿ ಎರಡು ರಾತ್ರಿಯದ್ದು ಹಿಂದಕ್ಕೆ ಕೊಟ್ಟಳು:
'ಮಂಜಿಗೆ ಬಾಡಿಗೆಯಿಲ್ಲ.
ಅದು ಬಂದದ್ದು ನನ್ನ ಮನೆಗಲ್ಲ, ಎಲ್ಲರಿಗೆ.'
ಕೋಲು ಮಾತ್ರ ವಾಪಸ್ಸು ಕೇಳಿದಳು.

ನಿಲ್ದಾಣದಲ್ಲಿ ತೂಗಿದವನು ಮ್ಯಾನ್ಸಿಯೇ,
ಈಗ ಹಳದಿ ಕೋಟು, ಕಿವಿಯಲ್ಲಿ ಪೆನ್ಸಿಲು, ಪರಿಚಯವೇ ಇಲ್ಲದವನ ಮುಖ.
'ಬಂದಾಗಿನದಕ್ಕಿಂತ ಒಂದೂವರೆ ಕಿಲೋ ಜಾಸ್ತಿ.'
'ರೊಟ್ಟಿ,' ಎಂದೆ.
'ಮಂಜು,' ಎಂದ,
ಹಾಗೆಯೇ ಬರೆದುಕೊಂಡ.