ನಲವತ್ತೊಂದು ಪದ

ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸ್‌ನಲ್ಲಿ
ತೂಕದ ಗುಮಾಸ್ತ ಪಳಂಗಪ್ಪ
ಎಂಬತ್ತೊಂಬತ್ತರಲ್ಲಿ ಕಂಪ್ಯೂಟರಿಗೊಂದು ಭಾಷೆ ಕಟ್ಟಿದ.
ಒಟ್ಟು ನಲವತ್ತೊಂದು ಪದ:
ತೂಗು, ಜರಡಿಯಾಡು, ಕರಿಕಾಳು ತೆಗೆ.
'ಅಳಿಸು' ಇರಲಿಲ್ಲ. ಯಾಕೆಂದರೆ,
"ಬೆಳೆಗಾರರ ಲೆಕ್ಕ, ಮಾರಾಯ" ಅನ್ನುತ್ತಿದ್ದ.
ತಪ್ಪಾದರೆ ಪರದೆ ಗದರುತ್ತಿರಲಿಲ್ಲ;
"ಇನ್ನೊಮ್ಮೆ ತೂಗಿ" ಅನ್ನುತ್ತಿತ್ತು, ಅಷ್ಟೆ.

ಮನೆಯಲ್ಲಾಡುವ ಕೊಡವ ತಕ್ಕಿಗೆ
ಅಕ್ಷರ ಕನ್ನಡದಿಂದ ಕಡ.
ಇದಕ್ಕೋ ಬರೀ ಅಕ್ಷರ, ಆಡುವ ಬಾಯಿಲ್ಲ.
ಎರಡನ್ನೂ ಹಳೇ ಡೈರಿಯಲ್ಲಿ ಬರೆದಿಟ್ಟಿದ್ದ,
ಒಂದೇ ಪೆನ್ಸಿಲಲ್ಲಿ.

ಕಲಿತವರು ಮೂವರು.
ವರ್ಗೀಸ್ ಹುಣಸೂರಿಗೆ ಹೋದ.
ಬೊಳ್ಳಮ್ಮ ಕೆಲಸ ಬಿಟ್ಟಳು.
ಉಳಿದವನು ನಾನು.

ಅವನು ತೀರಿದ ಮರುವರ್ಷ
ಹಳೇ ಯಂತ್ರ ಗುಜರಿಗೆ.
ಲಾರಿ ಬರುವ ಮೊದಲು ಅವನ ಹೆಸರು ಒತ್ತಿದೆ,
ನಲವತ್ತೊಂದರಲ್ಲಿ ಅದಿಲ್ಲವೆಂದು ಗೊತ್ತಿದ್ದೂ.
ಕರ್ಸರ್ ಸ್ವಲ್ಪ ಹೊತ್ತು ಮಿಟುಕಿ
ಅಂದಿತು:
ಇನ್ನೊಮ್ಮೆ ತೂಗಿ.