ಕೆಂಪು ಗೀಟು

ಸಲೈನಾದ ಈ ಮೋಟೆಲಿನ ಹಿಂದಿನ ಹಾಲ್‌ನಲ್ಲಿ
ನಿನ್ನೆ ಯಾರದೋ ಮದುವೆ. ಕುರ್ಚಿಗಳ ಬೆನ್ನಿಗೆ
ಇನ್ನೂ ಕಟ್ಟಿಕೊಂಡಿದೆ ಬಿಳಿ ರಿಬ್ಬನ್ನು.
ನಾವು ಹನ್ನೊಂದು ಮಂದಿ. ಹೋದ ವರ್ಷ ಹದಿನಾಲ್ಕು.
ಇಬ್ಬರಿಗೆ ಊರುಗೋಲು, ಒಬ್ಬನಿಗೆ ಮೂಗಿನ ನಳಿಗೆ,
ನನಗೆ ಈ ಕಾಗದ.
ಹೆಸರು ಓದುವ ಕೆಲಸ ನನ್ನದು,
ನನ್ನ ದನಿ ನಡುಗುವುದಿಲ್ಲವೆಂದು
ಇವರೆಲ್ಲ ತಿಳಿದಿದ್ದಾರೆ.

ನಾನು ಹಾರಿದವನಲ್ಲ.
ರಾತ್ರಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ,
ಹೆಲಿಕಾಪ್ಟರಿನ ಹೊಟ್ಟೆಯೊಳಗೆ ಕೈ ತೂರಿಸಿದವನು.
ಕೆಂಪು ಧೂಳು, ಗ್ರೀಸು, ಒಣಗಿದ ರಕ್ತ
ಮೂರೂ ಒಂದೇ ಬಣ್ಣ ಪ್ಲೇಕುವಿನಲ್ಲಿ.
ಸೀಮೆಎಣ್ಣೆಯಲ್ಲಿ ಉಜ್ಜಿದರೆ ಮೂರೂ ಹೋಗುತ್ತಿತ್ತು,
ಹಾಗಂತ ಆಗ ಅಂದುಕೊಂಡಿದ್ದೆ.

ಬೆಳಗಿನ ಜಾವ ಹತ್ತು ಯಂತ್ರ ಒಟ್ಟಿಗೆ ಎದ್ದರೆ
ಗಾಳಿಯನ್ನು ಹತ್ತು ಕಡಗೋಲಿಟ್ಟು ಕಡೆದ ಹಾಗೆ,
ದಬದಬ ದಬದಬ,
ಎದೆಗೂಡಿನಲ್ಲಿ ಏನೋ ತೇಲಿ ಬರುತ್ತಿತ್ತು.
ಸಂಜೆ ಕಿವಿಯಿಂದ ಎಣಿಸುತ್ತಿದ್ದೆವು.
ಒಂಬತ್ತು ಅಂತ ಕೇಳಿಸಿದ ಸಂಜೆ
ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಲಾಗ್‌ಪುಸ್ತಕದಲ್ಲಿ ಎರಡು ಗುರುತು.
ಕೆಂಪು ಕತ್ತರಿ ಹಾಕಿದರೆ ಯಂತ್ರ ಏಳಕೂಡದು,
ಜನರಲ್ ಬಂದು ಕೂಗಾಡಿದರೂ.
ಒಂದೇ ಓರೆ ಗೀಟು ಎಳೆದರೆ
ಕುಂದಿದೆ, ಆದರೂ ಹಾರಬಹುದು.
ಎರಡನೇ ಗೀಟು ಎಳೆಯಲು ಎಷ್ಟು ಹೊತ್ತು ಬೇಕು ಹೇಳಿ?
ಪೆನ್ಸಿಲ್ಲು ಕಾಗದದ ಮೇಲೇ ಇತ್ತು.

ಆರುನೂರ ಹದಿನಾಲ್ಕು. ಬಾಲದ ಗೇರ್‌ಪೆಟ್ಟಿಗೆಯಲ್ಲಿ
ಬೆವರಿನಷ್ಟು ಎಣ್ಣೆ ಜಿನುಗು.
ಒಂದು ಗೀಟು ಎಳೆದೆ. ಕೆಳಗೆ ಸಹಿ: ಇ. ಪ್ರಾಚೆಕ್.
ಪೈಲಟ್ ಓಡೆಗಾರ್ಡ್ ಓದಿ ನೋಡಿ
"ನನಗೂ ಹೀಗೇ ಜಿನುಗುತ್ತೆ ಬಿಡೋ" ಅಂದ,
ಪಕ್ಕಕ್ಕೆ ತನ್ನ ಹೆಸರು ಗೀಚಿದ.
ಇಪ್ಪತ್ತೆರಡರವನು. ಮೀಸೆ ಇನ್ನೂ ಯೋಚಿಸುತ್ತಿತ್ತು.

"ಗುಂಡೇಟು" ಅಂತ ವರದಿ.
ಒಂದೇ ಪದ. ಅದನ್ನು ಐವತ್ತೈದು ವರ್ಷ
ನಾಲಿಗೆಯ ಮೇಲೆ ಹೊರಳಿಸಿದ್ದೇನೆ, ಕರಗಿಲ್ಲ.
ಗುಂಡು ಅವರದಾದರೆ ನನಗೆ ಬಿಡುಗಡೆ.
ಅಂಥ ಬಿಡುಗಡೆಯನ್ನು ಬಯಸಿದ್ದಕ್ಕೇ ನಾಚಿಕೆ.
ಮತ್ತೆ ಅಲ್ಲಿ ಕೆಳಗೆ, ಗದ್ದೆಯಂಚಿನಲ್ಲಿ,
ನಮ್ಮ ಸದ್ದಿಗೆ ಮಕ್ಕಳನ್ನು ಎಳೆದುಕೊಂಡು ಓಡಿದವರ ಹೆಸರು
ಯಾವ ಹಾಲ್‌ನಲ್ಲಿ ಯಾರು ಓದುತ್ತಾರೋ.
ನನ್ನ ಕಾಗದದಲ್ಲಿ ಇಲ್ಲ.

ಓದಿದೆ.
ಮರ್ಲಿನ್ ಓಡೆಗಾರ್ಡ್.
ಟೆರೆನ್ಸ್ ಗ್ಯಾಫ್ನಿ. ಒಂದು ಡಬ್ಬಿ ಪೀಚ್ ಹಣ್ಣಿಗೆ ಕೈಗಡಿಯಾರ ಕೊಟ್ಟವನು.
ಕ್ಲೀಟಸ್ ಬೋಡ್ರೋ. ಬಾಗಿಲ ಬಂದೂಕಿನವ, ಎತ್ತರವೆಂದರೆ ಹೆದರಿಕೆ.
ರೂಬೆನ್ ಆರ್ಮೆಂಡಾರಿಸ್.

ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು,
ಎಲ್ ಪಾಸೊದಿಂದ ಬಸ್ಸಿನಲ್ಲಿ ಬಂದವಳು,
ಅವನು ಸತ್ತ ನಾಲ್ಕು ತಿಂಗಳಿಗೆ ಹುಟ್ಟಿದವಳು.
"ಹೇಗೆ ಸತ್ತ ಅಂತ ಎಲ್ಲರೂ ಬರೆದು ಕಳಿಸಿದ್ದಾರೆ.
ಕೆಲಸ ಹೇಗೆ ಮಾಡುತ್ತಿದ್ದ?"

ಯಾರೂ ಈವರೆಗೆ ಕೇಳಿರಲಿಲ್ಲ.
ಮೇಜಿನ ಮೇಲಿನ ಚಮಚ ತೆಗೆದು ತೋರಿಸಿದೆ:
ಇದು ಸ್ಕ್ರೂಡ್ರೈವರ್ ಅಂತಿಟ್ಟುಕೊ. ತುದಿ ಬೇರಿಂಗಿಗೆ,
ಹಿಡಿ ಕಿವಿಗೆ. ಕಣ್ಣು ಮುಚ್ಚು.
ಹೀಗೆ ಕೇಳುತ್ತಿದ್ದ, ಉಸಿರು ಕೂಡ ಬಿಡದೆ.
ಚಮಚ ಇಸಿದುಕೊಂಡಳು.

ಅಷ್ಟರಲ್ಲಿ ಆಸ್ಪತ್ರೆಯ ಹೆಲಿಕಾಪ್ಟರು
ಮೋಟೆಲಿನ ಸೂರಿನ ಮೇಲೆ ಹಾದುಹೋಯಿತು.
ಕಾಫಿ ಲೋಟಗಳು ಅರ್ಧದಲ್ಲೇ ನಿಂತವು.
ಹನ್ನೊಂದು ಮುದಿ ಕತ್ತು ಒಂದೇ ಕಡೆ ವಾಲಿದವು.
ಯಾರೋ ಗೊಣಗಿದರು: "ಬಾಲದ ಬೇರಿಂಗ್ ಸವೆದಿದೆ."
ಹೌದು ಹೌದು ಎಂದವು ತಲೆಗಳು.
ಪ್ರಾರ್ಥನೆಯೆಂದು ನಮಗೆ ಬರುವುದು ಇಷ್ಟೇ.
ಅವಳು ಚಮಚವನ್ನು ಕಿವಿಗೆ ಹಿಡಿದೇ ನಿಂತಿದ್ದಳು,
ಸದ್ದು ಗೋಧಿ ಬಯಲಿನಾಚೆ
ಪೂರ್ತಿ ಇಂಗುವವರೆಗೆ.

ಕಾಗದದಲ್ಲಿ ಇನ್ನೂ ಇಪ್ಪತ್ತಾರು ಹೆಸರು.
ದನಿ ನಡುಗಿತು.
ಓದಿದೆ.