ಅರವತ್ತೊಂದು

ನಮ್ಮ ಗೇಟಿಗೆ ಎರಡು ತಗಡು.
ಹಳೇ ನಂಬರು ಅರವತ್ತೊಂದು, ಹೊಸ ನಂಬರು ತೊಂಬತ್ತಮೂರು.
ಮಾವಳ್ಳಿಯ ಇದೇ ಅಡ್ಡರಸ್ತೆಯಲ್ಲಿ ಇನ್ನೊಂದು ಅರವತ್ತೊಂದಿದೆ,
ಹೊಸ ಲೆಕ್ಕದ್ದು, ಯಾರು ಹೋದರೂ ಬಾಗಿಲು ತೆರೆಯದ ಮನೆ.
ಕೊರಿಯರಿನ ಹುಡುಗರು ಅಲ್ಲಿ ನಿಂತು ಬೆಲ್ಲು ಒತ್ತಿ ಒತ್ತಿ
ನನಗೆ ಫೋನು ಮಾಡುತ್ತಾರೆ: ಮೇಡಂ, ಮನೇಲಿಲ್ವಾ?

ಇದು ಮೊದಲ ರಾತ್ರಿಯೇ ನೆನಪಾಗಬೇಕಿತ್ತು.
ಹನ್ನೊಂದು ದಿನ ಹಿಡಿಯಿತು.

ಜೆ.ಸಿ. ರಸ್ತೆ, ಸೀಟ್ ಕವರ್ ಅಂಗಡಿಯ ಮೇಲೆ ನಮ್ಮ ಆಫೀಸು.
ರೆಕ್ಸಿನ್ ವಾಸನೆ, ಹೊಲಿಗೆ ಮಿಷನ್ನಿನ ಗುರ್ರು,
ಒಂದು ಮ್ಯಾಕ್, ಒಂದು ಲಿನಕ್ಸ್,
ಸೆಲ್ವರಾಜ್ ಹಟ ಹಿಡಿದು ಉಳಿಸಿಕೊಂಡ ಒಂದು ಬಿಎಸ್‌ಡಿ.
ಮಾತು ಕಲಿಸುವ ಕ್ಲಿನಿಕ್ಕಿನ ಜರೀನಾ ಡಾಕ್ಟರು ಕಳಿಸಿದ್ದು
ಒಂಬತ್ತು ಸಾವಿರ ಚೂರು ಧ್ವನಿ.
ನಾಲ್ಕೈದು ಸೆಕೆಂಡು ಒಂದೊಂದೂ: ಯಾವುದೋ ಮಗು, ಯಾವುದೋ ಅಕ್ಷರ.

ಫೈಲಿನ ಒಳಗೆ ಡಾಕ್ಟರು ಏನೂ ಬರೆದಿಲ್ಲ.
ಮೈಗೆ ಅಂಟಿಸಿದ್ದಾರೆ,
ಪೋಲಿಯೋ ಹನಿ ಹಾಕುವವರು ಬಾಗಿಲ ಪಕ್ಕ
ಸೀಮೆಸುಣ್ಣದಲ್ಲಿ ಗೀಚಿ ಹೋಗುತ್ತಾರಲ್ಲ, ಹಾಗೆ.
ಮನೆಯ ಅಳತೆಗೆ ಅದು ಸೇರುವುದಿಲ್ಲ.
ಬಾಡಿಗೆ ಕರಾರಿನಲ್ಲಿ ಇರುವುದಿಲ್ಲ.
ಸುಣ್ಣ ಬಳಿದರೆ ಹೋಯಿತು;
ಒಂದಿಂಚೂ ಕಡಿಮೆಯಾಗದೆ ಮನೆ ನಿಂತೇ ಇರುತ್ತದೆ.

ನಕಲು ಮಾಡಿದೆವು. ಧ್ವನಿ ಬೈಟಿಗೆ ಬೈಟು ತಾಳೆಯಾಯಿತು.
ಟಿಪ್ಪಣಿ ಎಲ್ಲಿ ಎಂದು ಕೇಳಿದರೆ ಮ್ಯಾಕ್ ಹೇಳಿತು:
ಸಂಪರ್ಕ ನಿರಾಕರಿಸಲಾಗಿದೆ.
ವೈರು ಬದಲಿಸಿದೆ. ಸ್ವಿಚ್ಚು ಬದಲಿಸಿದೆ. ಫೈರ್‌ವಾಲಿಗೆ ಬೈದೆ.
ನಿರಾಕರಿಸಿದರೆ ಮತ್ತೆ ತಟ್ಟು ಎಂದು
ಪ್ರೋಗ್ರಾಮಿಗೆ ಬರೆದುಕೊಟ್ಟವಳು ನಾನೇ;
ರಾತ್ರಿಯಿಡೀ ತಟ್ಟಿತು ಅದು
ತೆರೆದೇ ಇದ್ದ ಬಾಗಿಲನ್ನು.

ಹನ್ನೊಂದನೆಯ ದಿನ ಸೆಲ್ವರಾಜ್
ತಂತಿಯೊಳಗೆ ಹರಿಯುವುದನ್ನೆಲ್ಲ ಹಿಡಿದು ಪರದೆಗೆ ಸುರಿದ.
ಮಾತೇ ಬರ್ತಿಲ್ಲ ಕಣೇ, ಬರೀ ಅಂಕಿ ಬರ್ತಿದೆ.
ಅರವತ್ತೊಂದು.

ಲಿನಕ್ಸ್ ಅರವತ್ತೊಂದು ಎಂದರೆ: ಅಂಥದ್ದು ಇಲ್ಲಿಲ್ಲ.
ಮ್ಯಾಕಿನ ಕಿವಿಗೆ ಅರವತ್ತೊಂದು ಎಂದರೆ: ಬರಬೇಡ.
ಇಲ್ಲ ಎನ್ನಲು ಮ್ಯಾಕ್ ಬಳಸುವುದು ತೊಂಬತ್ತಮೂರು,
ಬಿಎಸ್‌ಡಿ ಎಂಬತ್ತೇಳು.
ತೊಂಬತ್ತಮೂರು!
ಗೇಟು ಕಣ್ಣ ಮುಂದೆ ಬಂತು, ಎರಡೂ ತಗಡು ಸಮೇತ.
ಎಷ್ಟು ಜೋರಾಗಿ ನಕ್ಕೆನೆಂದರೆ
ಕೆಳಗೆ ಹೊಲಿಗೆ ನಿಂತಿತು.

ಹಾಗಾದರೆ ಟಿಪ್ಪಣಿ ನಿಜಕ್ಕೂ ಇರಲಿಲ್ಲವೇ?
ಇತ್ತು.
ಇನಿಷಿಯಲ್ ಇಲ್ಲದವರನ್ನು ಲಿನಕ್ಸ್ ಒಳಗೆ ಬಿಡುವುದಿಲ್ಲ.
ಹೆಸರಿನ ಮುಂದೆ ಯೂಸರ್ ಎಂದು ಬರೆದು, ಚುಕ್ಕಿ ಇಟ್ಟು
ಒಳಗೆ ಕಳಿಸಿದವರು ನಾವೇ.
ವಾಪಸು ಕರೆಯುವಾಗ ಮರೆತು
ಬರೀ ಹೆಸರು ಹಿಡಿದು ಕೂಗುತ್ತಿದ್ದೆವು, ಹಿತ್ತಲಿಂದ ಅಮ್ಮ ಕೂಗುವ ಹಾಗೆ.
(ಬಿಎಸ್‌ಡಿಗೆ ಮನೆತನ ಬೇರೆ ಚೀಟಿಯಲ್ಲಿ ಕೊಡಬೇಕು,
ಹೆಸರು ಬೇರೆ ಚೀಟಿಯಲ್ಲಿ. ಅದಕ್ಕೇ ಅದು ಶಿಸ್ತಿನದು ಎನ್ನುತ್ತಾನೆ ಸೆಲ್ವರಾಜ್.)

ಎಂಟು ಸಾಲು ತಿದ್ದಿದೆ. ಮೊದಲು ತೆರೆದುಕೊಂಡದ್ದು:
‘ಇವತ್ತು ರ ಬಂತು. ಅವಳಿಗೇ ಗೊತ್ತಾಗಲಿಲ್ಲ.’
ಧ್ವನಿ ಹಾಕಿದೆ. ಫ್ಯಾನಿನ ಸದ್ದು, ಯಾರೋ ಕುರ್ಚಿ ಎಳೆದರು,
ಲೊಟ್ಟಿ, ಲೊಟ್ಟಿ, ರೊಟ್ಟಿ.
ಪರೀಕ್ಷೆಗೆಂದು ಇದೇ ಫೈಲನ್ನು ಮೂವತ್ತು ಸಲ ಹಾಕಿದ್ದೆ.
ನನಗೂ ಗೊತ್ತಾಗಿರಲಿಲ್ಲ.

ಒಂದು ಫೈಲು ಹಾಗೇ ಉಳಿದಿದೆ.
ಮೂರು ಯಂತ್ರವೂ ತಂತಮ್ಮ ಅಂಕಿಯಲ್ಲಿ ಇಲ್ಲ ಎನ್ನುತ್ತವೆ.
ಬರೆದೇ ಇರಲಿಲ್ಲವೋ, ದಾರಿಯಲ್ಲಿ ಬಿತ್ತೋ,
ಡಾಕ್ಟರಿಗೂ ನೆನಪಿಲ್ಲ.
ನಾಲ್ಕು ಸೆಕೆಂಡು.
ಹುಡುಗ ಉಸಿರು ಎಳೆದುಕೊಳ್ಳುತ್ತಾನೆ, ಏನೋ ಹೇಳುವುದಕ್ಕೆ.
ಅಷ್ಟರಲ್ಲಿ ಮುಗಿಯುತ್ತದೆ.